ಗಿರಿಜೆಯ ಹಾಡಿನಲ್ಲಿ ಹದಿನಾಲ್ಕು ದೋಷ

ತಾರೀಕು ಒಂಬತ್ತು, ಭಾನುವಾರ, ಬೆಳಿಗ್ಗೆ ಒಂಬತ್ತೂವರೆ ಗಂಟೆ. ಸ್ಥಳ, ಬೇಗೂರಿನ ನಮ್ಮ ಮನೆಯ ಊಟದ ಮೇಜು. ಹಾಜರಿದ್ದವರು ನಾನು, ಅಳಿಯ ಮಹೇಶ, ಮತ್ತು ಅಡುಗೆಮನೆಯಲ್ಲಿ ಒಗ್ಗರಣೆಯ ಮುಂದೆ ನನ್ನ ಹೆಂಡತಿ ಗಿರಿಜಾ. ಮಗಳು ಗೆಳತಿಯ ಮಗುವಿನ ನಾಮಕರಣಕ್ಕೆ ಹೋಗಿದ್ದಳು. ಅವಳು ಮನೆಯಲ್ಲಿದ್ದಿದ್ದರೆ ನಾನು ಮುಂದೆ ಹೇಳುವುದರಲ್ಲಿ ಒಂದೂ ನಡೆಯುತ್ತಿರಲಿಲ್ಲ.

ತಾರೀಕು, ಗಂಟೆ, ಹಾಜರಿ ಇಷ್ಟನ್ನು ಬರೆಯದೆ ನನಗೆ ಯಾವ ಮಾತನ್ನೂ ಶುರು ಮಾಡಲು ಬರುವುದಿಲ್ಲ. ಪೀಣ್ಯದ ಒಂದು ಕಾರ್ಖಾನೆಯ ತಪಾಸಣಾ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿದವನು ನಾನು. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು ನನ್ನ ಕೆಲಸವಾಗಿತ್ತು. ಲೋಕದಲ್ಲಿ ಎಲ್ಲರೂ ಇದನ್ನು ಪುಕ್ಕಟೆಯಾಗಿ ಮಾಡುತ್ತಾರೆ, ನನಗೆ ಸಂಬಳ ಕೊಡುತ್ತಿದ್ದರು ಅಷ್ಟೇ. ಕೂದಲೆಳೆಯಷ್ಟು ಅಳತೆ ತಪ್ಪಿದರೂ ಆ ತುಂಡಿಗೆ ಕೆಂಪು ಚೀಟಿ ಕಟ್ಟಿ ಮೂಲೆಗೆ ಇಡುತ್ತಿದ್ದೆ. ನಿವೃತ್ತಿಯ ದಿನ ಹಾರ ಹಾಕಿದರು, ಶಾಲು ಹೊದೆಸಿದರು, ಭಾಷಣ ಮಾಡಿದರು. ಶಾಲಿನ ಒಂದು ಅಂಚಿನಲ್ಲಿ ಹೊಲಿಗೆ ಬಿಟ್ಟಿರುವುದನ್ನು ನಾನು ವೇದಿಕೆಯ ಮೇಲೇ ಮ್ಯಾನೇಜರಿಗೆ ತೋರಿಸಿದೆ. ಚಪ್ಪಾಳೆ ಸ್ವಲ್ಪ ಬೇಗ ನಿಂತಿತು. ಕೆಲಸ ಬಿಟ್ಟು ಹತ್ತು ವರ್ಷ ಕಳೆದರೂ ಐದಕ್ಕೆ ಏಳುವುದು, ಆರಕ್ಕೆ ನಡೆಯುವುದು, ಏಳೂವರೆಗೆ ತಿಂಡಿ, ಏಳು ಮುಕ್ಕಾಲಿಗೆ ಪೇಪರು ಯಾವುದೂ ಬದಲಾಗಿಲ್ಲ. ಬೀಳ್ಕೊಡುವಾಗ ಸ್ಟೋರಿನವರು ಒಂದು ಕಟ್ಟು ಖಾಲಿ ತಪಾಸಣಾ ಹಾಳೆಗಳನ್ನು ಕೊಟ್ಟಿದ್ದರು, 'ಹಿಂದುಗಡೆ ದಿನಸಿ ಚೀಟಿ ಬರೆಯಲು ಆಗುತ್ತದೆ' ಎಂದು. ನಾನು ಮುಂದುಗಡೆಯನ್ನೇ ಬಳಸುತ್ತೇನೆ.

ಇನ್ನು ಮಹೇಶನ ವಿಷಯ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ಒಳ್ಳೆಯ ಹುಡುಗ, ಕುಡಿತ ಇಲ್ಲ, ಸಿಗರೇಟು ಇಲ್ಲ. ಇರುವ ಒಂದೇ ಚಟವೆಂದರೆ ಹೆಡ್‌ಫೋನು. ಒಂದು ತಲೆ, ಎರಡು ಕಿವಿ ಇರುವ ಮನುಷ್ಯನಿಗೆ ಏಳು ಹೆಡ್‌ಫೋನುಗಳು ಯಾಕೆ ಎಂದು ಒಮ್ಮೆ ಕೇಳಿದ್ದೆ. "ಮಾವ, ನೀವು ಅಳತೆ ಮಾಡೋಕೆ ಒಂದೇ ಗೇಜ್ ಇಟ್ಕೊಂಡಿದ್ರಾ?" ಎಂದ. ಆ ಉತ್ತರದಿಂದ ಅವನ ಮೇಲೆ ನನಗಿದ್ದ ಗೌರವ ಹೆಚ್ಚಾಯಿತು. ಈ ಭಾನುವಾರ ಅವನು ಎರಡು ಪೆಟ್ಟಿಗೆ ಹಿಡಿದು ಬಂದ. "ಮಾವ, ಎರಡೂ ದೊಡ್ಡ ಮಟ್ಟದ್ದು. ಒಂದು ನಿಮಗೆ, ಇನ್ನೊಂದು ನನಗೆ. ಆರಿಸೋದು ನೀವು. ಇದು ಇದ್ದದ್ದನ್ನ ಇದ್ದ ಹಾಗೆ ಕೇಳಿಸುತ್ತೆ, ಒಂದು ಚೂರೂ ಸೇರಿಸಲ್ಲ, ಬಿಡಲ್ಲ. ಇದು ಅಷ್ಟು ಕರೆಕ್ಟ್ ಅಲ್ಲ, ಆದ್ರೆ ಕೇಳೋಕೆ ಸಕ್ಕತ್ತಾಗಿರುತ್ತೆ."

ಯಾವುದನ್ನು ಆರಿಸುತ್ತೇನೆ ಎಂಬ ಬಗ್ಗೆ ನನಗೆ ಒಂದು ಕ್ಷಣವೂ ಅನುಮಾನ ಇರಲಿಲ್ಲ. ಆದರೆ ಪರೀಕ್ಷೆ ಮಾಡದೆ ತೀರ್ಮಾನ ಮಾಡುವುದು ನನ್ನ ಕ್ರಮವಲ್ಲ. ಮೊದಲನೆಯದಕ್ಕೆ 'ಎ' ಎಂದೂ ಎರಡನೆಯದಕ್ಕೆ 'ಬಿ' ಎಂದೂ ಚೀಟಿ ಅಂಟಿಸಿದೆ. ಎ ದೊಡ್ಡದು, ಒರಟು, ಕಿವಿಯ ಹೊರಬದಿಗೆ ಜರಡಿಯಂಥ ಜಾಲರಿ. ಬಿ ಎಲ್ಲ ಕಡೆ ಮುಚ್ಚಿದ್ದು, ಮೆತ್ತಗೆ, ಹಾಕಿಕೊಂಡರೆ ಯಾರೋ ಎರಡೂ ಕೆನ್ನೆಗೆ ದಿಂಬು ಕೊಟ್ಟಂತೆ. ಮಹೇಶ ಸಂಕೋಚದಿಂದ, "ಮಾವ, ತಪ್ಪು ತಿಳ್ಕೋಬೇಡಿ. ವಯಸ್ಸಾದ ಮೇಲೆ ತುಂಬಾ ಸಣ್ಣ ಸದ್ದುಗಳು ಸ್ವಲ್ಪ ಕಮ್ಮಿ ಕೇಳಿಸುತ್ತಂತೆ..." ಎಂದು ಶುರು ಮಾಡಿದ. ಪಕ್ಕದ ಶೆಡ್ಡಿನ ಲೇತ್ ಯಂತ್ರದ ಸದ್ದು ಕೇಳಿ, ಅದರ ಬೇರಿಂಗು ಇನ್ನು ಎರಡು ದಿನ ಬಾಳುವುದಿಲ್ಲ ಎಂದು ಹೇಳಿದ ಕಿವಿಗಳು ಇವು ಎಂದು ಅವನಿಗೆ ತಿಳಿಸಿದೆ. ಬೇರಿಂಗು ಆಮೇಲೆ ಎರಡು ವರ್ಷ ಬಾಳಿತು ಎಂಬುದನ್ನು ತಿಳಿಸಲಿಲ್ಲ.

ಮೊದಲು ಬಿ. ಇದರ ಗುಣವನ್ನು ಹೇಗೆ ಹೇಳಲಿ? ಅದರಲ್ಲಿ ಕೇಳಿದ್ದೆಲ್ಲ ಚೆನ್ನಾಗಿತ್ತು. ಕೊಳಲು ಹಾಕಿದ, ಚೆನ್ನಾಗಿತ್ತು. ತಬಲಾ ಹಾಕಿದ, ಎದೆಯೊಳಗೆ ಬಾರಿಸಿದ ಹಾಗಿತ್ತು. ಅದೇ ಹೊತ್ತಿಗೆ ನಮ್ಮ ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ನೀರಿನ ಟ್ಯಾಂಕರು ಬರುವುದಿಲ್ಲ ಎಂದು ಮೊಬೈಲಿಗೆ ಕಳಿಸಿದ ಧ್ವನಿ ಸಂದೇಶವೂ ಅದರಲ್ಲೇ ಬಂತು. ಆ ಮನುಷ್ಯನ ಗಂಟಲು ತಗಡು ಎಳೆದಂತಿದೆ. ಬಿ ಹೆಡ್‌ಫೋನಿನಲ್ಲಿ ಅವನು ಎಷ್ಟು ಆತ್ಮೀಯವಾಗಿ, ಎಷ್ಟು ಗಂಭೀರವಾಗಿ ಹೇಳಿದನೆಂದರೆ, ನೀರು ಬರದಿದ್ದರೂ ಪರವಾಗಿಲ್ಲ ಎನಿಸಿತು. ಎಲ್ಲವನ್ನೂ ಪಾಸು ಮಾಡುವ ಇಂಥ ತಪಾಸಕರನ್ನು ನಾನು ಕಾರ್ಖಾನೆಯಲ್ಲೂ ನೋಡಿದ್ದೇನೆ. ಅವರಿಗೆ ಗೆಳೆಯರು ಜಾಸ್ತಿ. ಮಧ್ಯಾಹ್ನದ ಊಟಕ್ಕೆ ಅವರ ಮೇಜಿನ ಸುತ್ತ ಎಂಟು ಡಬ್ಬಿ ತೆರೆದಿರುತ್ತಿದ್ದವು. ನಾನು ಒಬ್ಬನೇ ಊಟ ಮಾಡುತ್ತಿದ್ದೆ, ಹನ್ನೆರಡು ಮುಕ್ಕಾಲಿಗೆ ಸರಿಯಾಗಿ.

ಇಲ್ಲಿ ಒಂದು ವಿಷಯ ವಿವರಿಸಬೇಕು. ಕಾರ್ಖಾನೆಯಲ್ಲಿ ಒಂದು ವಸ್ತುವನ್ನು ಅತ್ಯಂತ ಕರಾರುವಾಕ್ಕಾಗಿ ಮಾಡಿ, ಮಖಮಲ್ಲು ಹಾಸಿದ ಮರದ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ಅದಕ್ಕೆ ಮಾಸ್ಟರ್ ಎನ್ನುತ್ತಾರೆ. ಅದನ್ನು ಯಾರೂ ಪರೀಕ್ಷಿಸುವುದಿಲ್ಲ. ಅಳತೆಯ ಉಪಕರಣಗಳು ಸರಿಯಾಗಿವೆಯೇ ಎಂದು ಅದರ ಮೇಲಿಟ್ಟು ನೋಡುತ್ತಾರೆ. ಹೆಡ್‌ಫೋನು ಪರೀಕ್ಷಿಸಲೂ ಒಂದು ಮಾಸ್ಟರ್ ಬೇಕಲ್ಲ? ನನ್ನ ಮಟ್ಟಿಗೆ ಅಂಥದ್ದು ಒಂದೇ ಇರುವುದು. ಮದುವೆಯಾದ ಎರಡನೇ ವರ್ಷ, ದಾಸರಹಳ್ಳಿಯ ಬಾಡಿಗೆ ಮನೆಯಲ್ಲಿ, ಸಾಲದಲ್ಲಿ ತಂದ ಟೇಪ್ ರೆಕಾರ್ಡರ್ ಮುಂದೆ ಕೂಡಿಸಿ ಗಿರಿಜೆಯಿಂದ ಹಾಡಿಸಿದ್ದ ಒಂದು ತತ್ವಪದ. ಐದು ನಿಮಿಷ ಹತ್ತು ಸೆಕೆಂಡು. ಆ ಕ್ಯಾಸೆಟ್ಟನ್ನು ಮಹೇಶ ಕಳೆದ ವರ್ಷ ಮೊಬೈಲಿಗೆ ಇಳಿಸಿ ಕೊಟ್ಟಿದ್ದ. ಅದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನನಗೆ ಲೆಕ್ಕವಿಲ್ಲದಿರುವ ವಿಷಯಗಳು ಬಹಳ ಕಡಿಮೆ ಎಂಬುದನ್ನು ಗಮನಿಸಬೇಕು.

ಹಾಳೆ ತೆಗೆದೆ. ಕಾರ್ಖಾನೆಯ ಹಾಳೆಯಲ್ಲಿ ಮೇಲುಗಡೆ ದೊಡ್ಡದಾಗಿ 'ವಸ್ತು' ಎಂದಿರುತ್ತದೆ. ಕೆಳಗೆ 'ದೋಷಗಳ ವಿವರ', 'ಒಟ್ಟು ದೋಷ', 'ತೀರ್ಮಾನ'. ಯಾವ ಉಪಕರಣದಿಂದ ಅಳೆದದ್ದು ಎಂಬುದನ್ನು ಬರೆಯಲು ತೀರಾ ಕೆಳಗೆ, ಬೆರಳಗಲದ ಜಾಗ. ಉಪಕರಣವನ್ನೇ ಪರೀಕ್ಷೆ ಮಾಡುವುದಕ್ಕೆ ಬೇರೆ ಹಾಳೆ ಉಂಟು, ಅದು ನನ್ನ ಹತ್ತಿರ ಇರಲಿಲ್ಲ. ಇದ್ದದ್ದರಲ್ಲೇ ಕ್ರಮವಾಗಿ ತುಂಬಿದೆ. ವಸ್ತು: ಗಿರಿಜಾ, ಹಾಡು. ಬಿ ಹಾಕಿಕೊಂಡು ಕೇಳಿದಾಗ ಕೇಳಿಸಿದ ದೋಷ ಮೂರೇ ಮೂರು. ಬಾಕಿಯೆಲ್ಲ ಅದು ಮುಚ್ಚಿಹಾಕಿತ್ತು. ಒಟ್ಟು ದೋಷ ೩, ತೀರ್ಮಾನ: ತಿರಸ್ಕೃತ. ಆಮೇಲೆ ಎ ಹಾಕಿಕೊಂಡೆ. ಅಬ್ಬಾ! ಪರದೆ ಸರಿಸಿದಂತಾಯಿತು. ಕಿರ್ ಎಂಬ ಸದ್ದು, ಟಕ್ ಎಂಬ ಸದ್ದು, ದೂರದ ಕಾಗೆ, ಸಾಲಿನ ನಡುವೆ ಎಳೆದುಕೊಂಡ ಉಸಿರು, ಕೊನೆಯ ಚರಣದಲ್ಲಿ ಒಂದು ಕಡೆ ತುಸು ಕೆಳಗಿಳಿದ ಶ್ರುತಿ ಎಲ್ಲವೂ ಬಿಡಿಬಿಡಿಯಾಗಿ ಬಂದವು. ಇಷ್ಟು ವರ್ಷ ಕೇಳಿಸದೇ ಇದ್ದದ್ದು! ಹೆಚ್ಚು ದೋಷ ಹಿಡಿದ ಉಪಕರಣ ಹೆಚ್ಚು ಒಳ್ಳೆಯ ಉಪಕರಣ. ಸಂತೋಷದಿಂದ ಒಂದೊಂದಕ್ಕೂ ನಿಮಿಷ, ಸೆಕೆಂಡು ಹಾಕಿ ಎರಡನೇ ಹಾಳೆ ತುಂಬಿದೆ. ವಸ್ತು: ಗಿರಿಜಾ, ಹಾಡು. ಒಟ್ಟು ದೋಷ ೧೪. ಹದಿನಾಲ್ಕರ ಕೆಳಗೆ ಎರಡು ಗೀಟು ಎಳೆದೆ.

ಎ ಹೆಡ್‌ಫೋನಿನ ಜಾಲರಿಯ ವಿಷಯ ಹೇಳಿದೆನಲ್ಲ, ಅದರ ಮೂಲಕ ಒಳಗಿನ ಸದ್ದು ಹೊರಗೂ ಸೋರುತ್ತದೆ. ಅದು ನನಗೆ ಗೊತ್ತಿರಲಿಲ್ಲ. ಗಿರಿಜೆಗೆ ಅಡುಗೆಮನೆಯಿಂದ ಬರುವಾಗ ತನ್ನದೇ ದನಿ, ಸಣ್ಣಗೆ, ಕೇಳಿಸಿದೆ. ಕೈಯಲ್ಲಿ ನನ್ನ ಕಾಫಿ. ಮುಖದಲ್ಲಿ ನಗು. "ನನ್ನ ಹಾಡು ಕೇಳಾಕತ್ತೀರೇನ್ರಿ?" ಎಂದಳು. ಅವಳು ಹಾವೇರಿ ಕಡೆಯವಳು. ನಲವತ್ತು ವರ್ಷ ಬೆಂಗಳೂರಲ್ಲಿದ್ದರೂ ಮಾತು ಹಾವೇರಿಯಲ್ಲೇ ಇದೆ. ನಾನು ಹೆಮ್ಮೆಯಿಂದ ತಲೆಯಾಡಿಸಿದೆ. ಅವಳು ಕಾಫಿ ಇಡಲು ಬಗ್ಗಿದಳು. ಹಾಳೆ ಕಂಡಿತು.

ಮೊದಲು ಒಂದು ಹಾಳೆ ಓದಿದಳು. ಆಮೇಲೆ ಇನ್ನೊಂದು. ಕಾಫಿ ಲೋಟವನ್ನು ಮೇಜಿನ ಮೇಲೆ ಇಡದೆ ವಾಪಸು ಎತ್ತಿಕೊಂಡಳು.

"ವಸ್ತು, ಗಿರಿಜಾ," ಎಂದಳು. "ಹದಿನಾಲ್ಕು ದೋಷ. ತಿರಸ್ಕೃತ."

"ಅಲ್ಲ ಅಲ್ಲ, ತಿರಸ್ಕೃತ ಬರೆದದ್ದು ಮೂರು ದೋಷ ಇರುವ ಹಾಳೆಯಲ್ಲಿ," ಎಂದೆ ನಾನು. ವಾಸ್ತವಾಂಶ ತಪ್ಪಾಗಬಾರದಲ್ಲ.

"ಮೂರಕ್ಕ ತಿರಸ್ಕೃತ ಆದ್ರ, ಹದಿನಾಲ್ಕಕ್ಕ ಏನ್ ಗತಿ?" ಎಂದು ಅಡುಗೆಮನೆಗೆ ಹೋದಳು. ಕಾಫಿಯೂ ಹೋಯಿತು.

ಇದು ಬರೀ ಮುನಿಸಾಗಿದ್ದರೆ ನಾನು ಹೆದರುತ್ತಿರಲಿಲ್ಲ. ನಮ್ಮ ಮುನಿಸುಗಳಿಗೂ ಒಂದು ವೇಳಾಪಟ್ಟಿ ಇದೆ, ಸಾಮಾನ್ಯವಾಗಿ ಸಂಜೆಯ ದೀಪ ಹಚ್ಚುವ ಹೊತ್ತಿಗೆ ಮುಗಿಯುತ್ತವೆ. ಆದರೆ ಅದೇ ಸಂಜೆ ಆರು ಗಂಟೆಗೆ ನಮ್ಮ ಅಪಾರ್ಟ್‌ಮೆಂಟಿನ ಸಭಾಂಗಣದಲ್ಲಿ ಹೆಂಗಸರ ಹಾಡಿನ ಕಾರ್ಯಕ್ರಮವಿತ್ತು. ಗಿರಿಜಾ ನಾಲ್ಕು ಜನರ ಮುಂದೆ ಹಾಡಿ ಇಪ್ಪತ್ತು ವರ್ಷ ದಾಟಿತ್ತು. 'ದನಿ ಹೋಗೇತಿ, ನಗ್ತಾರ' ಎಂದು ಪ್ರತಿ ಸಲ ತಪ್ಪಿಸಿಕೊಳ್ಳುತ್ತಿದ್ದಳು. ಮೂರನೇ ಮಹಡಿಯ ಶಕುಂತಲಮ್ಮ ಎರಡು ತಿಂಗಳು ಬೆನ್ನು ಹತ್ತಿ ಒಪ್ಪಿಸಿದ್ದರು. ಎರಡು ತಿಂಗಳಿಂದ ನಾನು ಬೆಳಿಗ್ಗೆ ನಡೆದು ಬರುವಾಗ ಬಾಗಿಲ ಹೊರಗೇ ಹಾಡು ಕೇಳುತ್ತಿತ್ತು. ಬೀಗ ತೆಗೆದರೆ ನಿಂತುಹೋಗುತ್ತದೆಂದು ನಾನು ಎಷ್ಟೋ ದಿನ ಮೆಟ್ಟಿಲ ಮೇಲೆ ಕೂತು ತಿಂಡಿಗೆ ತಡಮಾಡಿಕೊಂಡಿದ್ದೇನೆ. ಈಗ ಒಳಗಿನಿಂದ ಅವಳು ಫೋನಿನಲ್ಲಿ ಹೇಳುವುದು ಕೇಳಿಸಿತು: "ನಂಗ ಆಗಂಗಿಲ್ರಿ ಶಕುಂತಲಾ. ಬ್ಯಾರೆ ಯಾರನ್ನರ ಹಾಡಸ್ರಿ."

ಹತ್ತು ನಿಮಿಷದಲ್ಲಿ ಶಕುಂತಲಮ್ಮ ಬಾಗಿಲಲ್ಲಿ. "ಏನ್ ಸಾರ್ ಇದು? ಗಿರಿಜಕ್ಕಂಗೆ ಏನಂದ್ರಿ ನೀವು?"

ನಾನು ಮಾಸ್ಟರ್ ಎಂದರೇನು, ಉಪಕರಣ ಎಂದರೇನು, ದೋಷ ಹೆಚ್ಚಾದಷ್ಟೂ ಯಾಕೆ ಒಳ್ಳೆಯದು ಎಂದು ಮೊದಲಿನಿಂದ ವಿವರಿಸಿದೆ. ಅವರು ಪೂರ್ತಿ ಕೇಳಿದರು. "ಅಂದ್ರೆ, ಹಾಡಲ್ಲಿ ತಪ್ಪು ಜಾಸ್ತಿ ಇದ್ದಷ್ಟೂ ನಿಮಗೆ ಖುಷಿ. ಅದನ್ನೇ ಗಿರಿಜಕ್ಕ ಫೋನಲ್ಲಿ ಹೇಳಿದ್ದು," ಎಂದು ಮಹೇಶನ ಕಡೆ ತಿರುಗಿದರು. "ನೀನಾದ್ರೂ ಸರಿ ಮಾಡಪ್ಪ. ಆರು ಗಂಟೆಗೆ ಮೊದಲನೇ ಹಾಡೇ ಅವರದ್ದು."

ಅವರು ಹೋದ ಮೇಲೆ ಮಹೇಶ ನನ್ನ ಹತ್ತಿರ ಬಗ್ಗಿ ಪಿಸುಗುಟ್ಟಿದ. "ಮಾವ, ಹಾಡು ತುಂಬಾ ಚೆನ್ನಾಗಿದೆ ಅಂತ ಒಂದು ಮಾತು ಹೇಳ್ಬಿಡಿ. ಮುಗೀತು."

ಹೇಳಲು ಎದ್ದೆ. ಅಡುಗೆಮನೆಯ ಬಾಗಿಲವರೆಗೂ ಹೋದೆ. ಗಿರಿಜಾ ನುಗ್ಗೇಕಾಯಿ ಮುರಿಯುತ್ತಿದ್ದಳು. ಪ್ರತಿ ತುಂಡೂ ಒಂದೇ ಉದ್ದ. ಮೂವತ್ತನಾಲ್ಕು ವರ್ಷ ನಾನು ಯಾರಿಗೂ 'ಚೆನ್ನಾಗಿದೆ' ಎಂದು ಬರೆದುಕೊಟ್ಟವನಲ್ಲ. ಹಾಳೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ದೋಷ ಇಲ್ಲದಿದ್ದರೆ ಒಂದು ಅಡ್ಡಗೀಟು ಎಳೆಯುತ್ತಿದ್ದೆವು, ನಮ್ಮಲ್ಲಿ ಅದೇ ಪ್ರಶಸ್ತಿ. "ನುಗ್ಗೇಕಾಯಿ ಸಮನಾಗಿದೆ," ಎಂದು ಹೇಳಿ ವಾಪಸು ಬಂದೆ. ಮಹೇಶ ಹಣೆ ಹಿಡಿದುಕೊಂಡ.

ಊಟ ಒಂದು ಗಂಟೆ ಹತ್ತು ನಿಮಿಷಕ್ಕೆ ಬಂತು. ಇಪ್ಪತ್ತೈದು ನಿಮಿಷ ತಡ. ನಾನು ಗಡಿಯಾರ ನೋಡಲಿಲ್ಲ, ಅಂದರೆ ಒಂದೇ ಸಲ ನೋಡಿದೆ. ಮಹೇಶನ ತಟ್ಟೆಗೆ ಎರಡು ಸಲ ತುಪ್ಪ ಬಿತ್ತು, ನನಗೆ ಮೊಸರೂ ಬೀಳಲಿಲ್ಲ. ಊಟ ಮುಗಿಯುವ ಹೊತ್ತಿಗೆ ನನಗೆ ಒಳಗೊಳಗೇ ಭಯ ಶುರುವಾಗಿತ್ತು. ಇವತ್ತು ಹಾಡದಿದ್ದರೆ ಇವಳು ಇನ್ನು ಹಾಡುವುದಿಲ್ಲ. ಬೆಳಿಗ್ಗೆ ಬಾಗಿಲ ಹೊರಗೆ ನನಗೆ ಕೇಳುವುದಕ್ಕೆ ಏನೂ ಇರುವುದಿಲ್ಲ. ಹೊಗಳಲು ಬಾರದ ಮನುಷ್ಯ ಏನು ಮಾಡಬೇಕು? ನನಗೆ ಬರುವುದು ವರದಿ ಓದುವುದೊಂದೇ. ಹಾಳೆ ತಂದು, ಕನ್ನಡಕ ಹಾಕಿಕೊಂಡು, ಮೇಜಿನ ಮುಂದೆ ನಿಂತು ಗಟ್ಟಿಯಾಗಿ ಓದಲು ಶುರು ಮಾಡಿದೆ. ಈ ದೋಷಗಳೆಲ್ಲ ಎಷ್ಟು ಚಿಕ್ಕವು ಎಂದು ಅವಳಿಗೆ ತಿಳಿಯಲಿ ಎಂಬುದಷ್ಟೇ ನನ್ನ ಉದ್ದೇಶ.

"ಮಾವ, ಬೇಡ," ಎಂದ ಮಹೇಶ.

"ದೋಷ ಒಂದು. ನಲವತ್ತನೇ ಸೆಕೆಂಡು. ಕಿರ್ ಎಂಬ ಸದ್ದು."

ಗಿರಿಜಾ ತಟ್ಟೆ ಎತ್ತುತ್ತಿದ್ದವಳು ನಿಂತಳು. "ಕಿರ್ ಅಂದದ್ದು ನಾನೇನ್ರಿ? ಅದು ಕುರ್ಚಿ. ನೀವು ಕುಂತಿದ್ದ ಬೆತ್ತದ ಕುರ್ಚಿ."

ನಾನು ಮುಂದೆ ಓದಿದೆ. "ದೋಷ ಎರಡು. ಒಂದು ನಿಮಿಷ ಐದು ಸೆಕೆಂಡು. ಟಕ್."

"ಹಾಡು ನಡದಾಗ ಚಾ ಕುಡದು ಲೋಟ ಇಟ್ಟವ್ರು ಯಾರು?"

ಮಹೇಶ ಮೆಲ್ಲಗೆ ಎದ್ದು ಎ ಹೆಡ್‌ಫೋನನ್ನು ಅತ್ತೆಯ ತಲೆಗೆ ಹಾಕಿದ. ಜಡೆ ಸಿಕ್ಕಿಕೊಂಡಿತು, ಬಿಡಿಸಿದ. ಹಾಡು ಶುರುವಾಯಿತು. ಗಿರಿಜಾ ಕಣ್ಣು ಮುಚ್ಚಿ ಕೂತಳು, ಎಂಜಲ ಕೈಯನ್ನು ಗಾಳಿಯಲ್ಲೇ ಹಿಡಿದುಕೊಂಡು. ನಾನು ಹಾಳೆ ಹಿಡಿದು ನಿಂತೆ. ಆಮೇಲಿನ ಐದು ನಿಮಿಷ ನನ್ನ ಸೇವಾವಧಿಯಲ್ಲೇ ನಾನು ಕಂಡ ಅತಿ ಕಟ್ಟುನಿಟ್ಟಾದ ತಪಾಸಣೆ. ಕಣ್ಣು ತೆರೆಯದೆ ಅವಳು ಹೇಳುತ್ತಾ ಹೋದಳು. "ಕೆಮ್ಮು. ನಿಮ್ದು... ಮತ್ತ ಕೆಮ್ಮು... ಇದು ಪೆನ್ನಿನ ಮುಚ್ಚಳ. ತೆಗದ್ರಿ. ಹಾಕಿದ್ರಿ. ಅವತ್ತೂ ಏನೋ ಬರ್ಯಾಕತ್ತಿದ್ರಿ... ಕುರ್ಚಿ... ಕಾಗಿ. ಪಾಪ, ಕಾಗಿದು ಕಾಗಿಗೆ ಇರ್ಲಿ... ಇದ ನೋಡ್ರಿ, ಪಿಸುಗುಡತೀರಿ. 'ಬೇಗ, ಟೇಪ್ ಮುಗೀತದೆ' ಅಂತ!"

"ಅದು ಹಾಳೆಯಲ್ಲಿ 'ಅಸ್ಪಷ್ಟ ಗೊರಗೊರ' ಅಂತ ಇದೆ, ಅತ್ತೆ," ಎಂದ ಮಹೇಶ, ನನ್ನ ಭುಜದ ಮೇಲಿಂದ ಇಣುಕಿ.

ಹಾಡು ಮುಗಿಯಿತು. ಕುರ್ಚಿ ಮೂರು, ಕೆಮ್ಮು ನಾಲ್ಕು, ಮುಚ್ಚಳ ಎರಡು, ಲೋಟ ಒಂದು, ಗೊರಗೊರ ಒಂದು. ಹನ್ನೊಂದು ನನ್ನವು, ಹಾಗೆಂದು ಹಾಳೆಯ ಮೂಲೆಯಲ್ಲಿ ಬರೆದುಕೊಂಡೆ. ಕಾಗೆಗೆ ಒಂದು ಹೋದರೆ ಗಿರಿಜೆಯ ಪಾಲಿಗೆ ಉಳಿದದ್ದು ಉಸಿರು ಮತ್ತು ಆ ಶ್ರುತಿ. ನ್ಯಾಯ ನ್ಯಾಯವೇ ಎಂದುಕೊಂಡು, "ಕೊನೆಯ ಚರಣದಲ್ಲಿ ಶ್ರುತಿ ಮಾತ್ರ..." ಎಂದೆ. ಈ ಬಾಯಿಯನ್ನು ಏನು ಮಾಡಬೇಕೋ ತಿಳಿಯದು.

ಅವಳು ಕಣ್ಣು ತೆರೆದಳು. "ಟೇಪ್ ತಿರಗಾಕತ್ತಿತ್ತು. ನೀವು ಅದರ ಹಿಂದ ನಿಂತು ಜೋರ್ ಕೈ ಬೀಸಿದ್ರಿ, ರೈಲಿಗೆ ಬಾವುಟ ತೋರಿಸಿದಂಗ. ನಂಗ ನಗು ಬಂತು. ನಕ್ಕೋತ ಶ್ರುತಿ ಹೆಂಗ ಹಿಡೀಲಿ?" ಎಂದು ಹೇಳುತ್ತಾ ಹೇಳುತ್ತಾ ಅವಳಿಗೆ ಆ ನಗುವೇ ಮತ್ತೆ ಬಂದುಬಿಟ್ಟಿತು. ಹೆಡ್‌ಫೋನು ಒಂದು ಕಡೆಗೆ ವಾಲಿತು. ಸೆರಗನ್ನು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ಮಹೇಶನೂ ಶುರು ಮಾಡಿದ. ನಾನು ಮತ್ತೆ ಪೆನ್ನು ತೆಗೆದು ಹನ್ನೊಂದನ್ನು ಹನ್ನೆರಡು ಎಂದು ತಿದ್ದಿ, ಪಕ್ಕದಲ್ಲಿ ಸಹಿ ಹಾಕಿದೆ. ತಿದ್ದಿದ ಕಡೆ ಸಹಿ ಇರಬೇಕು.

"ಮಹೇಶಾ," ಎಂದಳು ಗಿರಿಜಾ ಕಣ್ಣೊರೆಸಿಕೊಂಡು, "ಶಕುಂತಲಾಗ ಫೋನ್ ಮಾಡಪಾ, ನಾ ಹಾಡ್ತೀನಂತ ಹೇಳು. ಮತ್ತ ಈ ಹೆಡ್‌ಫೋನ್ ನಂಗಿರ್ಲಿ. ಭಾಳ ಛಲೋ ಐತಿ. ಇವರ ತಪ್ಪೆಲ್ಲಾ ಕೇಳಸ್ತೈತಿ." ತಿರಸ್ಕೃತ ಎಂದು ನಾನೇ ಷರಾ ಬರೆದಿದ್ದ ಬಿ ಹೆಡ್‌ಫೋನು ನನ್ನ ಪಾಲಿಗೆ ಬಂತು. ಅಳಿಯನಿಗೆ ಏನೂ ಉಳಿಯಲಿಲ್ಲ. "ಪರವಾಗಿಲ್ಲ ಮಾವ, ಮನೇಲಿ ಏಳಿದೆ," ಎಂದ. ನನ್ನ ತಟ್ಟೆಗೆ ಕೊನೆಗೂ ಅನ್ನ, ಮೊಸರು ಬಿತ್ತು. ಎರಡು ಗಂಟೆ ಐದು ನಿಮಿಷಕ್ಕೆ ಮೊಸರನ್ನ ಉಣ್ಣುವುದು ನನ್ನ ಕ್ರಮವಲ್ಲ. ಪೂರ್ತಿ ಉಂಡೆ.

ಸಂಜೆ ಆರಕ್ಕೆ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ನನಗೆ ಕುರ್ಚಿ ಹಾಕಿದ್ದರು. ಪ್ಲಾಸ್ಟಿಕ್ ಕುರ್ಚಿಯನ್ನು ನಂಬುವ ಹಾಗಿಲ್ಲ ಎಂದು ನಾನು ಹಿಂದುಗಡೆ ಗೋಡೆಗೆ ಒರಗಿ ನಿಂತೆ. ಕಾಫಿ ತಂದರು, ಬೇಡವೆಂದೆ. ಜೇಬಿನಲ್ಲಿದ್ದ ಪೆನ್ನನ್ನು ಮಹೇಶನಿಗೆ ಕೊಟ್ಟೆ. ಗಿರಿಜಾ ಹಾರ್ಮೋನಿಯಮ್ಮಿನ ಪಕ್ಕ ಕೂತು, ಜನರನ್ನು ನೋಡಿ ಒಂದು ಕ್ಷಣ ತಬ್ಬಿಬ್ಬಾದಳು. ಆಮೇಲೆ ಗೋಡೆಗೆ ಅಂಟಿಕೊಂಡ ನನ್ನನ್ನು ನೋಡಿದಳು. ಅವಳ ತುಟಿಯ ಕೊನೆ ಸ್ವಲ್ಪ ಅಲ್ಲಾಡಿತು. ಹಾಡು ಎತ್ತಿಕೊಂಡಳು.

ದನಿ ಈಗ ತೆಳ್ಳಗಾಗಿಲ್ಲ, ದಪ್ಪವಾಗಿದೆ. ಆ ಕ್ಯಾಸೆಟ್ಟಿನ ಹುಡುಗಿಯ ದನಿಯಲ್ಲ, ಆದರೆ ಅದರ ಹಿಂದೆ ಆ ಹುಡುಗಿಯೂ ಇದ್ದಾಳೆ. ಇಷ್ಟು ಗಮನಿಸುವಷ್ಟರಲ್ಲಿ ನನ್ನ ಗಂಟಲಲ್ಲಿ ಕೆಮ್ಮು ಶುರುವಾಯಿತು. ಎರಡನೇ ಚರಣದಿಂದ ಕೊನೆಯ ಸಾಲಿನವರೆಗೆ ನಾನು ಮಾಡಿದ ಒಂದೇ ಕೆಲಸವೆಂದರೆ ಅದನ್ನು ಒಳಗೇ ಹಿಡಿದು ನಿಂತದ್ದು. ಉಗುಳು ನುಂಗಿದೆ, ಉಸಿರು ಕಟ್ಟಿದೆ, ಕರವಸ್ತ್ರ ಕಚ್ಚಿದೆ. ಎರಡೂ ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯಿತು. ಚಪ್ಪಾಳೆ ಬಿದ್ದಾಗ ಶಕುಂತಲಮ್ಮ ಹಿಂದೆ ತಿರುಗಿ ನನ್ನ ಮುಖ ನೋಡಿ ಕರಗಿಹೋದರು. "ಅಯ್ಯೋ ಸಾರ್, ಅಳ್ತಾ ಇದ್ದೀರಾ! ನಿಮ್ಮನ್ನ ನಾನು ಏನೋ ಅಂದ್ಕೊಂಡಿದ್ದೆ ಕಣ್ರೀ," ಎಂದರು. ನಾನು ಬಾಯಿ ತೆರೆಯುವ ಸ್ಥಿತಿಯಲ್ಲಿ ಇರಲಿಲ್ಲ. ತಲೆಯಾಡಿಸಿದೆ. ಅದು ಪೂರ್ತಿ ಸುಳ್ಳೂ ಅಲ್ಲ.

ಕಾರ್ಯಕ್ರಮ ಮುಗಿದು ಜನ ಕರಗಿದ ಮೇಲೆ ಗಿರಿಜಾ ಹತ್ತಿರ ಬಂದು, "ಎಷ್ಟು ದೋಷರಿ?" ಎಂದಳು. ಬಾಯಿ ತೆರೆದರೆ ಆ ಕೆಮ್ಮು ಹೊರಬೀಳುತ್ತದೆಂದು, ಎಣಿಸಲಿಲ್ಲ ಎಂಬುದನ್ನು ಸನ್ನೆಯಿಂದಲೇ ತಿಳಿಸಿದೆ. ಅವಳು ನಂಬಿದಳೋ ಇಲ್ಲವೋ, ಹೆಂಗಸರ ಜೊತೆ ಮಾತಾಡುತ್ತಾ ಮೇಲೆ ಹೋದಳು. ಕುರ್ಚಿ ಜೋಡಿಸುವ ಕೆಲಸವನ್ನು ನಾನು ವಹಿಸಿಕೊಂಡಿದ್ದೆ. ಹತ್ತು ಹತ್ತರ ಆರು ಸಾಲು, ಅರವತ್ತು. ಸದ್ದಾಗದಂತೆ ಒಂದರ ಮೇಲೊಂದು ಇಟ್ಟೆ. ಏಳು ಮುಕ್ಕಾಲಿಗೆ ಕೊನೆಯದನ್ನು ಇಟ್ಟು, ದೀಪ ಆರಿಸಿ, ಬಾಗಿಲು ಭದ್ರಪಡಿಸಿ, ಯಾರೂ ಇಲ್ಲವೆಂದು ಎರಡೂ ಕಡೆ ನೋಡಿ ಖಾತ್ರಿ ಮಾಡಿಕೊಂಡು, ಮನಸಾರೆ ಕೆಮ್ಮಿದೆ.